ವಸಂತಕಾಲದ ಹಿಮಮಾರ್ಗದಲ್ಲಿ ಒಂದು ದಿನದ ಚಾರಣ: ಚೋಪ್ತಾ – ತುಂಗನಾಥ – ಚಂದ್ರಶಿಲಾ

ಪೀಠಿಕೆ

ಯುಗಾದಿಯ ವೇಳೆಗೆ ಕರ್ನಾಟಕದಲ್ಲಿ ಬೇಸಿಗೆ ಬಲಿತಿರುತ್ತದೆ. ಅದೇ ಸಮಯದಲ್ಲಿ ಉತ್ತರಾಖಂಡ ರಾಜ್ಯದ ಗಢವಾಲ ಹಿಮಾಲಯದಲ್ಲಿ ಚಳಿಗಾಲದ ಹಿಮವು ಕರಗಲು ಆರಂಭಿಸಿರುತ್ತದೆ. ಪರೀಕ್ಷೆಗಳು ಮುಗಿದು ರಜೆ ದೊರೆಯುವ ಈ ಅವಧಿಯಲ್ಲಿ ರಾಜ್ಯದ ಅನೇಕ ಯುವಜನರು ಹಾಗೂ ಯಾತ್ರಿಕರು ಹಿಮವನ್ನು ಕಾಣಲು ಆ ಭಾಗಕ್ಕೆ ತೆರಳುತ್ತಾರೆ. ಒಂದೇ ದಿನದಲ್ಲಿ ಹತ್ತಿ ಇಳಿಯಬಹುದಾದ ಮಾರ್ಗಗಳ ಪೈಕಿ ರುದ್ರಪ್ರಯಾಗ ಜಿಲ್ಲೆಯ ಚೋಪ್ತಾದಿಂದ ತುಂಗನಾಥದ ಮೂಲಕ ಚಂದ್ರಶಿಲಾ ಶಿಖರಕ್ಕೆ ಸಾಗುವ ಮಾರ್ಗವು ಹೆಸರುವಾಸಿಯಾಗಿದೆ.

ಬೇಸಿಗೆ ಮತ್ತು ಶರತ್ಕಾಲಗಳಲ್ಲಿ ಇದು ಕಲ್ಲು ಹಾಸಿದ ಸುಗಮವಾದ ಯಾತ್ರಾಮಾರ್ಗ. ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಇದೇ ಮಾರ್ಗವು ಹಿಮದಡಿಯಲ್ಲಿ ಮುಚ್ಚಿಹೋಗಿರುತ್ತದೆ. ಆಗ ಚಾರಣಿಗರ ಸುರಕ್ಷತೆಯು ದೂರಕ್ಕಿಂತಲೂ ಹೆಚ್ಚಾಗಿ ಗಡಿಯಾರವನ್ನು ಅವಲಂಬಿಸಿರುತ್ತದೆ. ಯಾವ ಹೊತ್ತಿಗೆ ಹೊರಡಬೇಕು, ಯಾವ ಹೊತ್ತಿಗೆ ಹಿಂದಿರುಗಲೇಬೇಕು ಎಂಬ ಎರಡು ವಿಷಯಗಳನ್ನು ಸಾರ್ವಜನಿಕರಿಗೆ ತಿಳಿಯಪಡಿಸುವುದು ಈ ಲೇಖನದ ಮುಖ್ಯ ಉದ್ದೇಶವಾಗಿದೆ.

ಸ್ಥಳ ಪರಿಚಯ

ಚೋಪ್ತಾವು ಸಮುದ್ರ ಮಟ್ಟದಿಂದ ಸುಮಾರು 2,700 ಮೀಟರ್ ಎತ್ತರದಲ್ಲಿರುವ ಹುಲ್ಲುಗಾವಲಿನ ತಾಣ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಅಂದರೆ ಇಲ್ಲಿ ಚಾರಣ ಆರಂಭವಾಗುವ ಸ್ಥಳವೇ ರಾಜ್ಯದ ಅತ್ಯುನ್ನತ ಶಿಖರಕ್ಕಿಂತ ಸುಮಾರು 770 ಮೀಟರ್ ಮೇಲಿದೆ.

ತುಂಗನಾಥವು ಪಂಚ ಕೇದಾರ ಕ್ಷೇತ್ರಗಳಲ್ಲಿ ಒಂದಾಗಿದ್ದು, ಅವುಗಳ ಪೈಕಿ ಅತಿ ಎತ್ತರದಲ್ಲಿದೆ. ಇದರ ಎತ್ತರವನ್ನು ಸಾಮಾನ್ಯವಾಗಿ 3,680 ಮೀಟರ್ ಎಂದು ನಮೂದಿಸಲಾಗುತ್ತದೆ. ಚಂದ್ರಶಿಲಾ ಶಿಖರದ ವಿಷಯದಲ್ಲಿ 3,690 ಮೀಟರ್‌ನಿಂದ 4,000 ಮೀಟರ್‌ವರೆಗೆ ಬೇರೆ ಬೇರೆ ಅಂಕಿಗಳು ಪ್ರಕಟವಾಗಿವೆ. ಆದ್ದರಿಂದ ಫಲಕದ ಮೇಲಿನ ಸಂಖ್ಯೆಗಿಂತ ತಮಗೆ ತಗಲುತ್ತಿರುವ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಸೂಕ್ತ. ಶಿಖರದಿಂದ ಚೌಖಂಬಾ, ಕೇದಾರನಾಥ ಶಿಖರ, ತ್ರಿಶೂಲ ಮತ್ತು 7,816 ಮೀಟರ್ ಎತ್ತರದ ನಂದಾದೇವಿ ಪರ್ವತಗಳನ್ನು ಆಕಾಶ ಶುಭ್ರವಾಗಿದ್ದಾಗ ಕಾಣಬಹುದು.

ತುಂಗನಾಥ ದೇವಾಲಯವು ಚಳಿಗಾಲದಲ್ಲಿ ಮುಚ್ಚಿರುತ್ತದೆ. ಆಗ ಉತ್ಸವಮೂರ್ತಿಯನ್ನು ಮಕ್ಕೂಮಠ ಗ್ರಾಮಕ್ಕೆ ತಂದು ಪೂಜಿಸಲಾಗುತ್ತದೆ. ಬಾಗಿಲು ಮತ್ತೆ ತೆರೆಯುವುದು ಸಾಮಾನ್ಯವಾಗಿ ಏಪ್ರಿಲ್ ಕೊನೆಯಲ್ಲಿ ಅಥವಾ ಮೇ ತಿಂಗಳಿನಲ್ಲಿ. ಆದ್ದರಿಂದ ಮಾರ್ಚ್‌ನಲ್ಲಿ ತೆರಳುವವರಿಗೆ ದೇವಾಲಯದ ಹೊರಾವರಣದ ದರ್ಶನ ಮಾತ್ರ ಸಾಧ್ಯ. ದಾರಿಯ ಅಂಗಡಿಗಳೂ ಈ ಅವಧಿಯಲ್ಲಿ ಬಹುತೇಕ ಮುಚ್ಚಿರುತ್ತವೆ. ನೀರು, ಆಹಾರ, ಆಶ್ರಯ ಮೇಲೆ ದೊರೆಯುತ್ತವೆ ಎಂಬ ಭರವಸೆಯಿಂದ ಯಾರೂ ಹೊರಡತಕ್ಕದ್ದಲ್ಲ.

ತಲುಪುವ ಬಗೆ

ಋಷಿಕೇಶದಿಂದ ದೇವಪ್ರಯಾಗ, ಶ್ರೀನಗರ, ರುದ್ರಪ್ರಯಾಗ ಮತ್ತು ಊಖೀಮಠದ ಮೂಲಕ ಚೋಪ್ತಾ ತಲುಪಲು ಒಂದು ಇಡೀ ದಿನದ ರಸ್ತೆ ಪ್ರಯಾಣ ಬೇಕಾಗುತ್ತದೆ. ಊಖೀಮಠದಿಂದ ಚೋಪ್ತಾ ಸುಮಾರು 30 ಕಿ.ಮೀ. ದೂರದಲ್ಲಿದೆ. ಊಖೀಮಠದ ಓಂಕಾರೇಶ್ವರ ದೇವಾಲಯವು ಕೇದಾರನಾಥ ದೇವರ ಚಳಿಗಾಲದ ಪೂಜಾಸ್ಥಾನ. ಕೇದಾರನಾಥದ ಪ್ರಧಾನ ಅರ್ಚಕರಾದ ರಾವಲರು ಪರಂಪರಾಗತವಾಗಿ ಕರ್ನಾಟಕ ಮೂಲದ ವೀರಶೈವ ಜಂಗಮರಾಗಿರುವುದರಿಂದ ಈ ಊರಿಗೂ ಕನ್ನಡ ನಾಡಿಗೂ ಹಳೆಯ ಸಂಬಂಧವಿದೆ.

ಹೆಚ್ಚು ಹಿಮ ಬಿದ್ದ ವರ್ಷಗಳಲ್ಲಿ ಚೋಪ್ತಾವರೆಗಿನ ರಸ್ತೆಯು ಮುಚ್ಚಿರುತ್ತದೆ. ಆಗ ವಾಹನಗಳು ಬನಿಯಾಕುಂಡ್ ಅಥವಾ ಅದಕ್ಕೂ ಕೆಳಗಿನ ದುಗ್ಗಲಬಿಟ್ಟಾದಲ್ಲಿಯೇ ನಿಲ್ಲುತ್ತವೆ. ಅಲ್ಲಿಂದ ನಡೆಯಬೇಕಾದಲ್ಲಿ ಹೋಗುವಾಗಲೂ ಬರುವಾಗಲೂ ಹಲವು ಕಿಲೋಮೀಟರ್ ಸೇರುತ್ತದೆ. ಅರ್ಧ ದಿನದ ನಡಿಗೆಯು ಬೆಳಗಿನ ಜಾವದಿಂದ ಸಂಜೆಯವರೆಗಿನ ದೀರ್ಘ ಚಾರಣವಾಗುತ್ತದೆ. ರಸ್ತೆ ಎಲ್ಲಿಯವರೆಗೆ ತೆರೆದಿದೆ ಎಂಬುದನ್ನು ಹಿಂದಿನ ದಿನವೇ ಊಖೀಮಠದಲ್ಲಿ ವಿಚಾರಿಸಿ, ಹೊರಡುವ ಸಮಯವನ್ನು ಅದಕ್ಕೆ ತಕ್ಕಂತೆ ಹಿಂದಕ್ಕೆ ಸರಿಸಿಕೊಳ್ಳತಕ್ಕದ್ದು.

ವಸಂತಕಾಲದ ಹಿಮದ ಸ್ವಭಾವ

ಚಳಿಗಾಲದ ಹಿಮವು ಹಗಲಿನಲ್ಲಿಯೂ ಒಣಗಿ ಪುಡಿಯಂತೆ ಇರಬಹುದು. ವಸಂತಕಾಲದ ಹಿಮವು ದಿನವೊಂದರಲ್ಲಿಯೇ ಮೂರು ರೂಪಗಳನ್ನು ತಾಳುತ್ತದೆ.

1. ಬೆಳಗಿನ ಜಾವ: ಮೋಡವಿಲ್ಲದ ರಾತ್ರಿಯಲ್ಲಿ ಹಿಮದ ಮೇಲ್ಪದರವು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಅದು ಮನುಷ್ಯನ ಭಾರವನ್ನು ಹೊರುತ್ತದೆ; ಕಾಲು ಹೂತುಹೋಗುವುದಿಲ್ಲ. ಆದರೆ ಅದೇ ಪದರವು ಗಾಜಿನಂತೆ ಜಾರುತ್ತದೆ. ಬೂಟಿಗೆ ಮುಳ್ಳುಸರಪಳಿ ಇಲ್ಲದವರಿಗೆ ಇಳಿಜಾರಿನಲ್ಲಿ ಈ ವೇಳೆ ಅಪಾಯಕಾರಿ.

2. ಸೂರ್ಯೋದಯದ ನಂತರದ ಕೆಲವು ಗಂಟೆಗಳು: ಮೇಲ್ಪದರದ ಒಂದೆರಡು ಅಂಗುಲ ಮಾತ್ರ ಸಡಿಲಗೊಂಡು ಬೂಟಿಗೆ ಹಿಡಿತ ದೊರೆಯುತ್ತದೆ, ಕೆಳಗಿನ ಪದರ ಗಟ್ಟಿಯಾಗಿಯೇ ಇರುತ್ತದೆ. ನಡೆಯಲು ಇದೇ ಅತ್ಯುತ್ತಮ ವೇಳೆ.

3. ಮಧ್ಯಾಹ್ನ: ಹಿಮವು ನೀರು ತುಂಬಿ ಮೆತ್ತಗಾಗುತ್ತದೆ. ಪ್ರತಿ ಹೆಜ್ಜೆಗೂ ಕಾಲು ಮೊಣಕಾಲಿನವರೆಗೆ, ಕೆಲವೆಡೆ ತೊಡೆಯವರೆಗೆ ಹೂತುಹೋಗುತ್ತದೆ. ಬಂಡೆ ಮತ್ತು ಪೊದೆಗಳ ಸುತ್ತ ಹಿಮದಡಿ ಪೊಳ್ಳು ಇರುವುದರಿಂದ ಕಾಲು ಸಿಕ್ಕಿಕೊಂಡು ಉಳುಕುವ ಅಥವಾ ಮುರಿಯುವ ಸಂಭವವಿರುತ್ತದೆ. ಕಡಿದಾದ ಇಳಿಜಾರುಗಳಲ್ಲಿ ಒದ್ದೆ ಹಿಮವು ತನ್ನ ಭಾರಕ್ಕೆ ತಾನೇ ಜಾರಿ ಹಿಮಕುಸಿತ ಉಂಟಾಗಬಹುದು.

ಸುಮಾರು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಹಿಮಕುಸಿತದ ಸಂಭವ ಹೆಚ್ಚು. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು, ದಕ್ಷಿಣದ್ದು ಅನಂತರ, ಪಶ್ಚಿಮದ್ದು ಮಧ್ಯಾಹ್ನದ ಮೇಲೆ ಸಡಿಲಗೊಳ್ಳುತ್ತದೆ. ಉತ್ತರದ ನೆರಳಿನಲ್ಲಿರುವ ಹಿಮ ದಿನವಿಡೀ ಗಟ್ಟಿಯಾಗಿಯೇ ಉಳಿಯಬಹುದು. ರಾತ್ರಿ ಮೋಡ ಕವಿದಿದ್ದು ಹಿಮ ಹೆಪ್ಪುಗಟ್ಟದಿದ್ದಲ್ಲಿ ಬೆಳಗಿನ ಸುರಕ್ಷಿತ ಅವಧಿಯೇ ಇರುವುದಿಲ್ಲ. ಬೆಳಗಿನ ಜಾವ ಹೊರಗೆ ಬಂದು ಕಾಲಿಟ್ಟಾಗ ಹಿಮ ಕುಸಿದರೆ ಅಂದಿನ ಚಾರಣವನ್ನು ಕೈಬಿಡುವುದು ಒಳಿತು.

ಪಶ್ಚಿಮ ಘಟ್ಟದ ಚಾರಣಗಳಲ್ಲಿ ತಡವಾದರೆ ಬಿಸಿಲು ಅಥವಾ ಕತ್ತಲೆ ಎದುರಾಗುತ್ತದೆ. ದಾರಿ ಮಾತ್ರ ಅದೇ ಇರುತ್ತದೆ. ಹಿಮಮಾರ್ಗದಲ್ಲಿ ತಡವಾದರೆ ಹತ್ತಿದ ದಾರಿಯೇ ಇಳಿಯುವಾಗ ಬೇರೆಯಾಗಿರುತ್ತದೆ. ಕರ್ನಾಟಕದ ಚಾರಣಿಗರು ಮುಖ್ಯವಾಗಿ ಅರಿಯಬೇಕಾದ ವ್ಯತ್ಯಾಸ ಇದು.

ಸಮಯದ ಲೆಕ್ಕ

ಚೋಪ್ತಾದಿಂದ ತುಂಗನಾಥಕ್ಕೆ ಸುಮಾರು 3.5ರಿಂದ 4 ಕಿ.ಮೀ., ಅಲ್ಲಿಂದ ಚಂದ್ರಶಿಲೆಗೆ ಸುಮಾರು 1ರಿಂದ 1.5 ಕಿ.ಮೀ. ದೂರವಿದೆ. ಒಟ್ಟು 5 ಕಿ.ಮೀ. ಎಂಬುದು ಕುಮಾರಪರ್ವತದಂತಹ ದೀರ್ಘ ಏರಿಕೆಯನ್ನು ಪೂರೈಸಿದವರಿಗೆ ಅಲ್ಪವೆನಿಸಬಹುದು. ಈ ಲೆಕ್ಕ ಸರಿಯಲ್ಲ.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಅವರು 1892ರಲ್ಲಿ ನೀಡಿದ ಸೂತ್ರದ ಪ್ರಕಾರ ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಜೊತೆಗೆ ಪ್ರತಿ 600 ಮೀಟರ್ ಏರಿಕೆಗೆ ಮತ್ತೊಂದು ಗಂಟೆ ಸೇರಿಸಬೇಕು. ಇಲ್ಲಿನ ಏರಿಕೆ ಕನಿಷ್ಠ 1,000 ಮೀಟರ್ ಎಂದು ಹಿಡಿದರೆ ಒಣ ದಾರಿಯಲ್ಲಿಯೇ ಎರಡೂ ಮುಕ್ಕಾಲು ಗಂಟೆ ಬೇಕು. ಹಿಮ ಮತ್ತು ತೆಳು ಗಾಳಿಯ ಕಾರಣ ಇದನ್ನು ಒಂದೂವರೆಯಿಂದ ಎರಡು ಪಟ್ಟು ಎಂದು ಭಾವಿಸಬೇಕು. ಹೀಗೆ ಏರಲು ಮಾತ್ರ ನಾಲ್ಕರಿಂದ ಐದೂವರೆ ಗಂಟೆ ಹಿಡಿಯುತ್ತದೆ. ತಂಡದ ಲೆಕ್ಕವನ್ನು ಅತ್ಯಂತ ನಿಧಾನವಾಗಿ ನಡೆಯುವವರ ವೇಗದ ಮೇಲೆ ಹಾಕತಕ್ಕದ್ದು.

ಹಿಮವಿರುವ ದಿನಗಳಲ್ಲಿ ಚೋಪ್ತಾದಿಂದ ಹೊರಡುವವರಿಗೆ ಈ ಕೆಳಕಂಡ ವೇಳಾಪಟ್ಟಿ ಅನುಕೂಲಕರ:

- ಬೆಳಿಗ್ಗೆ 5.00: ತಲೆದೀಪದೊಡನೆ ಚೋಪ್ತಾದಿಂದ ನಿರ್ಗಮನ.
- ಬೆಳಿಗ್ಗೆ 8.00ರಿಂದ 8.30: ತುಂಗನಾಥ. ಇಲ್ಲಿ ವಿಶ್ರಾಂತಿ, ಉಪಾಹಾರ, ತಂಡದ ಆರೋಗ್ಯ ಹಾಗೂ ಹವಾಮಾನದ ಪರಿಶೀಲನೆ.
- ಬೆಳಿಗ್ಗೆ 9.30ರಿಂದ 10.00: ಚಂದ್ರಶಿಲಾ.
- ಬೆಳಿಗ್ಗೆ 10.30: ಹಿಂದಿರುಗುವ ಅಂತಿಮ ವೇಳೆ.
- ಮಧ್ಯಾಹ್ನ 1.30ರ ಒಳಗೆ: ಚೋಪ್ತಾ.

ಹಿಂದಿರುಗುವ ಅಂತಿಮ ವೇಳೆಯನ್ನು ಹಿಂದಿನ ರಾತ್ರಿಯೇ ಎಲ್ಲರ ಸಮ್ಮುಖದಲ್ಲಿ ನಿಗದಿಪಡಿಸಬೇಕು. ಆ ವೇಳೆ ಬಂದಾಗ ಶಿಖರವು ಕೇವಲ ನೂರು ಮೀಟರ್ ದೂರದಲ್ಲಿದ್ದರೂ ತಂಡವು ಇಳಿಯತಕ್ಕದ್ದು. ಶಿಖರ ಕಣ್ಣೆದುರಿಗೆ ಇರುವಾಗ, ಹಣ ಮತ್ತು ರಜೆ ಎರಡೂ ವ್ಯಯವಾಗಿರುವಾಗ, ಮೇಲೆ ನಿಂತು ಹೊಸದಾಗಿ ತೀರ್ಮಾನ ಕೈಗೊಳ್ಳುವುದು ಕಠಿಣ. ಕೆಳಗಿರುವಾಗಲೇ ಕೈಗೊಂಡ ತೀರ್ಮಾನವು ಮೇಲೆ ತಂಡವನ್ನು ಕಾಪಾಡುತ್ತದೆ.

ಮಾರ್ಗದ ಹಂತಗಳು

ಮೊದಲನೆಯ ಹಂತವು ಬುರಾಂಶ್ ಮತ್ತು ಓಕ್ ಮರಗಳ ಕಾಡಿನ ಅಂಚಿನಲ್ಲಿ ಸಾಗುತ್ತದೆ. ನಸುಕಿನಲ್ಲಿ ಕರಡಿ ಮತ್ತು ಚಿರತೆಗಳ ಸಂಚಾರವಿರಬಹುದಾದ್ದರಿಂದ ಗುಂಪಾಗಿ ನಡೆಯಬೇಕು. ಮರಗಳ ಸಾಲು ಮುಗಿದ ನಂತರ ಬುಗ್ಯಾಲ್ ಎಂದು ಕರೆಯಲಾಗುವ ಬಯಲು ಹುಲ್ಲುಗಾವಲು ಆರಂಭವಾಗುತ್ತದೆ. ಇಲ್ಲಿಂದ ಗಾಳಿಗೆ ಮರೆ ಇರುವುದಿಲ್ಲ.

ಕಲ್ಲುಹಾಸಿನ ದಾರಿಯು ಗುಡ್ಡದ ಮೈಯಲ್ಲಿ ಅಡ್ಡಡ್ಡವಾಗಿ ತಿರುವುಗಳನ್ನು ತೆಗೆದುಕೊಂಡು ಏರುತ್ತದೆ. ಹಿಮವು ಈ ತಿರುವುಗಳನ್ನು ಮುಚ್ಚಿ ಇಡೀ ಗುಡ್ಡವನ್ನು ಒಂದೇ ಇಳಿಜಾರನ್ನಾಗಿ ಮಾಡಿಬಿಡುತ್ತದೆ. ಆಗ ನೇರವಾಗಿ ಹತ್ತುವ ಅಥವಾ ಕುಳಿತು ಜಾರಿಕೊಂಡು ಇಳಿಯುವ ಆಸೆ ಸಹಜ. ಕೆಳಗೆ ಬಂಡೆ ಅಥವಾ ಕಂದಕವಿದ್ದರೆ ಮೇಲಿನಿಂದ ಕಾಣುವುದಿಲ್ಲ; ಜಾರಲು ಆರಂಭಿಸಿದ ದೇಹವನ್ನು ಗಟ್ಟಿಹಿಮದ ಮೇಲೆ ನಿಲ್ಲಿಸುವುದು ಅಭ್ಯಾಸವಿಲ್ಲದವರಿಗೆ ಸಾಧ್ಯವಾಗದು. ಮಾರ್ಗವನ್ನು ಬಲ್ಲ ಸ್ಥಳೀಯ ಮಾರ್ಗದರ್ಶಿಯ ಹೆಜ್ಜೆಗುರುತಿನಲ್ಲಿಯೇ ನಡೆಯುವುದು ಕ್ಷೇಮ.

ತುಂಗನಾಥದಿಂದ ಮೇಲಿನ ಹಂತವು ಚಿಕ್ಕದಾದರೂ ಕಡಿದಾಗಿದೆ. ಶಿಖರದ ಅಂಚಿನಲ್ಲಿ ಗಾಳಿಯು ಹಿಮವನ್ನು ಹೊರಚಾಚಿದ ಸೂರಿನಂತೆ ಕಟ್ಟಿರುತ್ತದೆ. ಮೇಲಿನಿಂದ ಗಟ್ಟಿನೆಲದಂತೆ ಕಂಡರೂ ಅದರ ಕೆಳಗೆ ಆಧಾರವಿರುವುದಿಲ್ಲ. ಛಾಯಾಚಿತ್ರಕ್ಕಾಗಿ ಅಂಚಿಗೆ ಹೋಗುವುದನ್ನು ಕಟ್ಟುನಿಟ್ಟಾಗಿ ವರ್ಜಿಸತಕ್ಕದ್ದು.

ಎತ್ತರ, ಚಳಿ ಮತ್ತು ದೇಹ

ಈ ಎತ್ತರದಲ್ಲಿ ವಾಯುವಿನ ಒತ್ತಡವು ಸಮುದ್ರ ಮಟ್ಟಕ್ಕಿಂತ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಿದ್ದು, ಪ್ರತಿ ಉಸಿರಿಗೆ ದೊರೆಯುವ ಆಮ್ಲಜನಕವೂ ಅಷ್ಟೇ ಕಡಿಮೆ. 2,500 ಮೀಟರ್‌ಗಿಂತ ಮೇಲೆ ತಲೆನೋವು, ವಾಕರಿಕೆ, ಅತಿಯಾದ ಆಯಾಸ, ನಿದ್ರಾಹೀನತೆ ಕಾಣಿಸಿಕೊಂಡಲ್ಲಿ ಅದನ್ನು ಎತ್ತರದ ಕಾಯಿಲೆಯೆಂದೇ ಪರಿಗಣಿಸಬೇಕು. ಬಯಲುಸೀಮೆಯಿಂದ ಹೊರಟು ಮರುದಿನವೇ ಶಿಖರಕ್ಕೆ ಏರುವುದು ಸರಿಯಲ್ಲ. ಊಖೀಮಠದಲ್ಲಿ ಒಂದು ರಾತ್ರಿ, ಚೋಪ್ತಾ ಅಥವಾ ದುಗ್ಗಲಬಿಟ್ಟಾದಲ್ಲಿ ಮತ್ತೊಂದು ರಾತ್ರಿ ತಂಗುವುದು ಉತ್ತಮ. ಲಕ್ಷಣಗಳು ಹೆಚ್ಚಾದಲ್ಲಿ, ತೂರಾಡುವಿಕೆ ಅಥವಾ ವಿಶ್ರಾಂತಿಯಲ್ಲಿಯೂ ಏದುಸಿರು ಕಂಡುಬಂದಲ್ಲಿ ಕೂಡಲೇ ಕೆಳಗಿಳಿಸುವುದೇ ಮುಖ್ಯ ಚಿಕಿತ್ಸೆ. ಔಷಧಗಳನ್ನು ವೈದ್ಯರ ಸಲಹೆಯಂತೆ ಮಾತ್ರ ಸೇವಿಸತಕ್ಕದ್ದು. ಹೃದ್ರೋಗ, ಶ್ವಾಸಕೋಶದ ತೊಂದರೆ, ಅಧಿಕ ರಕ್ತದೊತ್ತಡ ಇರುವವರು ಹಾಗೂ ಗರ್ಭಿಣಿಯರು ಪ್ರಯಾಣಕ್ಕೆ ಮುನ್ನ ವೈದ್ಯರನ್ನು ಕಾಣುವುದು ಅವಶ್ಯಕ.

ದೇಹದ ಒಳ ಉಷ್ಣಾಂಶವು 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಇದಕ್ಕೆ ಹೆಪ್ಪುಗಟ್ಟಿಸುವ ಚಳಿಯೇ ಬೇಕೆಂದಿಲ್ಲ; ಒದ್ದೆ ಬಟ್ಟೆ, ಗಾಳಿ ಮತ್ತು ಆಯಾಸ ಒಟ್ಟುಗೂಡಿದರೆ ಸಾಕು. ನಡುಕ, ತೊದಲು ಮಾತು, ಗುಂಡಿ ಹಾಕಿಕೊಳ್ಳಲಾಗದ ಬೆರಳುಗಳು ಇದರ ಆರಂಭಿಕ ಚಿಹ್ನೆಗಳು. ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಸ್ಥಿತಿ ಗಂಭೀರವಾಗಿದೆ ಎಂದರ್ಥ. ಅಂತಹವರನ್ನು ಗಾಳಿಯ ಮರೆಗೆ ಒಯ್ದು, ಒದ್ದೆ ಬಟ್ಟೆ ಬದಲಿಸಿ, ನೆಲದ ಚಳಿ ತಾಗದಂತೆ ಹಾಸಿಗೆಯ ಮೇಲಿರಿಸಿ ಹೊದಿಸಬೇಕು. ಪ್ರಜ್ಞೆಯಿದ್ದು ನುಂಗಲು ಶಕ್ತರಾಗಿದ್ದಲ್ಲಿ ಮಾತ್ರ ಬಿಸಿಯಾದ ಸಿಹಿ ಪಾನೀಯ ನೀಡಬಹುದು. ಮದ್ಯ ನೀಡಕೂಡದು, ಕೈಕಾಲುಗಳನ್ನು ಉಜ್ಜಕೂಡದು.

ಹೊಸ ಹಿಮವು ತನ್ನ ಮೇಲೆ ಬೀಳುವ ಬೆಳಕಿನ ಶೇಕಡಾ 80ಕ್ಕೂ ಹೆಚ್ಚು ಭಾಗವನ್ನು ಹಿಂದಕ್ಕೆ ಚೆಲ್ಲುತ್ತದೆ. ಕಪ್ಪು ಕನ್ನಡಕವಿಲ್ಲದೆ ನಡೆದವರಿಗೆ ಕೆಲವು ಗಂಟೆಗಳ ನಂತರ ಕಣ್ಣಿನಲ್ಲಿ ಮರಳು ಬಿದ್ದಂತಹ ತೀವ್ರ ಉರಿ ಆರಂಭವಾಗುತ್ತದೆ. ಮೋಡವಿದ್ದ ದಿನವೂ ಕನ್ನಡಕ ಅವಶ್ಯ.

ಹವಾಮಾನ ಮತ್ತು 2024ರ ದುರಂತ

ಪಶ್ಚಿಮದಿಂದ ಬರುವ ಹವಾಮಾನ ಕ್ಷೋಭೆಗಳು ವಸಂತಕಾಲದಲ್ಲಿಯೂ ಹಿಮಾಲಯಕ್ಕೆ ಹಿಮಪಾತವನ್ನು ತರುತ್ತವೆ. ಬೆಳಿಗ್ಗೆ ಶುಭ್ರವಾಗಿದ್ದ ಆಕಾಶವು ಮಧ್ಯಾಹ್ನದ ವೇಳೆಗೆ ಗುಡುಗು, ಆಲಿಕಲ್ಲು ಮತ್ತು ಗಾಳಿಯಿಂದ ತುಂಬಬಹುದು. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನಕ್ಕೆ ಮುನ್ನ ಇಳಿಯುವುದಕ್ಕೆ ಇದು ಎರಡನೆಯ ಕಾರಣ.

2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ತೆರಳಿದ್ದ 22 ಮಂದಿಯ ತಂಡವು ಪ್ರತಿಕೂಲ ಹವಾಮಾನಕ್ಕೆ ಸಿಲುಕಿತು. ತಂಡದಲ್ಲಿದ್ದ ಬಹುತೇಕರು ಕರ್ನಾಟಕದವರು. ಒಂಬತ್ತು ಮಂದಿ ಮೃತಪಟ್ಟರು; 13 ಮಂದಿಯನ್ನು ರಕ್ಷಿಸಲಾಯಿತು. ಅದು ಹಲವು ದಿನಗಳ, ಇನ್ನೂ ಹೆಚ್ಚು ಎತ್ತರದ ಚಾರಣವಾಗಿದ್ದು ಚೋಪ್ತಾ ಮಾರ್ಗದೊಡನೆ ನೇರ ಹೋಲಿಕೆ ಸಲ್ಲದು. ಆದರೆ ಬಯಲು ಪ್ರದೇಶಗಳಲ್ಲಿ ಕಡು ಬೇಸಿಗೆಯಿರುವ ಜೂನ್ ತಿಂಗಳಿನಲ್ಲಿಯೂ ಎತ್ತರದ ಬಯಲಿನಲ್ಲಿ ಗಾಳಿ ಮತ್ತು ಚಳಿ ಎಷ್ಟು ಬೇಗ ಪ್ರಾಣಾಂತಕವಾಗಬಲ್ಲವು ಎಂಬುದನ್ನು ಅದು ತೋರಿಸಿತು.

ಹೊರಡುವ ಮುನ್ನ ಭಾರತೀಯ ಹವಾಮಾನ ಇಲಾಖೆಯ ಡೆಹ್ರಾಡೂನ್ ಕೇಂದ್ರದ ಮುನ್ಸೂಚನೆಯನ್ನೂ, ಚಂಡೀಗಢದ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆಯು ನೀಡುವ ಹಿಮಕುಸಿತ ಮುನ್ನೆಚ್ಚರಿಕೆಯನ್ನೂ ನೋಡತಕ್ಕದ್ದು. ಎಚ್ಚರಿಕೆ ಜಾರಿಯಲ್ಲಿದ್ದಾಗ, ಅಥವಾ ಹಿಂದಿನ ಒಂದೆರಡು ದಿನಗಳಲ್ಲಿ ಭಾರೀ ಹಿಮಪಾತವಾಗಿದ್ದಲ್ಲಿ ಚಾರಣವನ್ನು ಮುಂದೂಡಬೇಕು.

ಅಗತ್ಯ ಸಾಮಗ್ರಿಗಳು

1. ನೀರು ಒಳಸೇರದ, ಕಣಕಾಲು ಮುಚ್ಚುವ ಬೂಟು. ಅದಕ್ಕೆ ಕಟ್ಟುವ ಮುಳ್ಳುಸರಪಳಿ. ಬೂಟಿನೊಳಗೆ ಹಿಮ ಹೋಗದಂತೆ ತಡೆಯುವ ಗೇಟರ್. ಇವು ಊಖೀಮಠ ಅಥವಾ ಚೋಪ್ತಾದಲ್ಲಿ ಬಾಡಿಗೆಗೆ ದೊರೆತಲ್ಲಿ ಹಿಂದಿನ ದಿನವೇ ಹಾಕಿ ನೋಡಬೇಕು.
2. ಪದರಪದರವಾದ ಉಡುಪು: ಬೆವರು ಹೀರಿ ಒಣಗುವ ಒಳಅಂಗಿ, ಉಣ್ಣೆಯ ಅಥವಾ ಫ್ಲೀಸ್ ಅಂಗಿ, ಗಾಳಿ ಮತ್ತು ನೀರು ತಡೆಯುವ ಹೊರ ಜಾಕೆಟ್. ಹತ್ತಿಯ ಬಟ್ಟೆ ಹಾಗೂ ಜೀನ್ಸ್ ಒದ್ದೆಯಾದರೆ ಬೇಗ ಒಣಗದೆ ಚಳಿಯನ್ನು ಹೆಚ್ಚಿಸುತ್ತವೆ, ಅವುಗಳನ್ನು ತೊಡಬಾರದು.
3. ಎರಡು ಜೊತೆ ಕೈಗವಸು, ಬದಲಿ ಕಾಲುಚೀಲ, ಕಿವಿ ಮುಚ್ಚುವ ಟೋಪಿ, ಕಪ್ಪು ಕನ್ನಡಕ, ಬಿಸಿಲಿನ ಲೇಪ.
4. ಊರುಗೋಲು, ತಲೆದೀಪ, ಬದಲಿ ಬ್ಯಾಟರಿ, ಸೀಟಿ.
5. ಬಿಸಿನೀರಿನ ಫ್ಲಾಸ್ಕ್, ಕನಿಷ್ಠ ಎರಡು ಲೀಟರ್ ನೀರು, ಚಳಿಗೆ ಗಟ್ಟಿಯಾಗದ ತಿನಿಸು. ಕಡಲೆ, ಬೆಲ್ಲ, ಒಣದ್ರಾಕ್ಷಿ, ಚಕ್ಕುಲಿಯಂತಹವು ಅನುಕೂಲಕರ.
6. ತಂಡಕ್ಕೆ ಒಂದರಂತೆ ಪ್ರಥಮ ಚಿಕಿತ್ಸಾ ಪೆಟ್ಟಿಗೆ, ತುರ್ತು ಹೊದಿಕೆ.

ಚಳಿಯಲ್ಲಿ ಮೊಬೈಲ್ ಬ್ಯಾಟರಿ ಬೇಗ ಬರಿದಾಗುತ್ತದೆ. ಫೋನನ್ನು ಒಳಜೇಬಿನಲ್ಲಿ ಇಡಬೇಕು. ಸಂಕೇತ ಎಲ್ಲೆಡೆ ದೊರೆಯುವುದಿಲ್ಲ.

ವನ್ಯಜೀವಿ ಮತ್ತು ಪರಿಸರ

ಈ ಮಾರ್ಗವು 1972ರಲ್ಲಿ ಸ್ಥಾಪಿತವಾದ ಕೇದಾರನಾಥ ವನ್ಯಜೀವಿ ಧಾಮದ ಪ್ರದೇಶದಲ್ಲಿದೆ. ಉತ್ತರಾಖಂಡದ ರಾಜ್ಯ ಪ್ರಾಣಿಯಾದ ಕಸ್ತೂರಿ ಮೃಗ, ರಾಜ್ಯ ಪಕ್ಷಿಯಾದ ಮೋನಾಲ್ ಮತ್ತು ರಾಜ್ಯ ವೃಕ್ಷವಾದ ಬುರಾಂಶ್ ಮೂರೂ ಇಲ್ಲಿ ಕಂಡುಬರುತ್ತವೆ. ಬುರಾಂಶ್ ಮರಗಳು ವಸಂತದಲ್ಲಿ ಕೆಂಪು ಹೂಗಳನ್ನು ಬಿಡುತ್ತವೆ. ಹೂ ಕೀಳುವುದು, ಪಕ್ಷಿಗಳನ್ನು ಬೆನ್ನಟ್ಟುವುದು, ಧ್ವನಿವರ್ಧಕ ಬಳಸುವುದು ಸಲ್ಲದು. ಹಿಮ ಕರಗಿದ ಜಾಗದಲ್ಲಿ ಮೊಳೆಯುತ್ತಿರುವ ಹುಲ್ಲು ಬಹಳ ಸೂಕ್ಷ್ಮವಾದ್ದರಿಂದ ದಾರಿ ಕಂಡಲ್ಲಿ ದಾರಿಯ ಮೇಲೆಯೇ ನಡೆಯಬೇಕು.

ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿ ಉತ್ತರಾಖಂಡ ಉಚ್ಚ ನ್ಯಾಯಾಲಯವು 2018ರಲ್ಲಿ ಆದೇಶ ನೀಡಿತು. ಪ್ರವೇಶ ಶುಲ್ಕ, ಡೇರೆ ಹಾಕುವಿಕೆ ಮತ್ತು ಇತರ ನಿಯಮಗಳನ್ನು ಸ್ಥಳೀಯ ಅರಣ್ಯ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಕೊಂಡೊಯ್ದ ಪ್ಲಾಸ್ಟಿಕ್ ಪೂರ್ತಿಯಾಗಿ ಹಿಂದಕ್ಕೆ ಬರಬೇಕು. ಹಿಮದಲ್ಲಿ ಹೂತ ಕಸವು ಹಿಮ ಕರಗಿದ ಮೇಲೆ ತೊರೆಗಳನ್ನು ಸೇರುತ್ತದೆ.

ತುರ್ತು ಸಂದರ್ಭದಲ್ಲಿ

ಹೊರಡುವ ಮುನ್ನ ತಂಡದ ಸದಸ್ಯರ ಹೆಸರು, ಮಾರ್ಗ, ಹಿಂದಿರುಗುವ ವೇಳೆಗಳನ್ನು ತಂಗಿದ ಸ್ಥಳದಲ್ಲಿಯೂ ಮನೆಯವರಿಗೂ ಬರೆದುಕೊಡಬೇಕು. ಅಪಘಾತ ಸಂಭವಿಸಿದಲ್ಲಿ ಈ ಕೆಳಕಂಡ ಸಂಖ್ಯೆಗಳಿಗೆ ಕರೆ ಮಾಡಬಹುದು:

- ಎಲ್ಲ ತುರ್ತು ಸೇವೆಗಳು: 112
- ಆಂಬುಲೆನ್ಸ್: 108
- ರಾಜ್ಯ ವಿಪತ್ತು ನಿರ್ವಹಣಾ ಸಹಾಯವಾಣಿ: 1070
- ಜಿಲ್ಲಾ ವಿಪತ್ತು ನಿರ್ವಹಣಾ ಸಹಾಯವಾಣಿ: 1077

ಕರೆ ಮಾಡುವಾಗ ಸ್ಥಳ, ಗಾಯಗೊಂಡವರ ಸಂಖ್ಯೆ, ಅವರ ಸ್ಥಿತಿ, ಅಲ್ಲಿನ ಹವಾಮಾನ, ಈ ನಾಲ್ಕನ್ನು ಮೊದಲು ತಿಳಿಸಬೇಕು. ಕರೆ ಸಿಗದಿದ್ದಲ್ಲಿ ಗಾಯಾಳುವನ್ನು ಒಂಟಿಯಾಗಿ ಬಿಡದೆ, ಇಬ್ಬರನ್ನು ಒಟ್ಟಿಗೆ ಕೆಳಗೆ ಕಳುಹಿಸತಕ್ಕದ್ದು.

ತುಂಗನಾಥವನ್ನು ತಲುಪಿ, ಚಂದ್ರಶಿಲೆಯನ್ನು ಏರದೆ, ನಿಗದಿತ ವೇಳೆಗೆ ಹಿಂದಿರುಗಿದ ಚಾರಣವೂ ಪೂರ್ಣಗೊಂಡ ಚಾರಣವೇ ಆಗಿದೆ. ಹಿಮ ಹೆಪ್ಪುಗಟ್ಟಿದ ಮತ್ತೊಂದು ಮುಂಜಾನೆಯಲ್ಲಿ ಅದೇ ದಾರಿಯಲ್ಲಿ ಪುನಃ ಏರಲು ಅವಕಾಶವಿರುತ್ತದೆ.